ನಿಮ್ಮದು ಯಾವ ವಾಳೆ?

ಹೋದ ನವೆಂಬರಿನಲ್ಲಿ ಊರಿಗೆ ಹೋಗಿದ್ದೆ. ಗೇಟು ದೂಡಿ ಒಳಗೆ ಬಂದರೆ ಬಾಗಿಲ ಚಿಲಕಕ್ಕೆ ಒಂದು ಭತ್ತದ ಕದಿರು ಕಟ್ಟಿತ್ತು. ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅರ್ಧ ಕಾಳು ಹಕ್ಕಿಗಳ ಪಾಲಾಗಿತ್ತು. ಅಮ್ಮ ಹೋದ ಮೇಲೆ ನಾಲ್ಕು ವರ್ಷದಿಂದ ಆ ಮನೆಗೆ ಬೀಗ. ವರ್ಷಕ್ಕೊಮ್ಮೆ ನಾನೋ ತಮ್ಮನೋ ಹೋಗಿ ಹಂಚು ನೋಡಿ, ಜೇಡನ ಬಲೆ ತೆಗೆದು, ಒಂದು ರಾತ್ರಿ ಮಲಗಿ ಬರುತ್ತೇವೆ, ಅಷ್ಟೆ. ಯಾರೂ ಇಲ್ಲದ ಮನೆಗೆ ಕದಿರು ಕಟ್ಟಿದವರು ಯಾರು?

ಪಕ್ಕದ ಮನೆಯವರೇ ಇರಬೇಕು ಅಂದುಕೊಂಡೆ. ಕರಾವಳಿಯಲ್ಲಿ ಹೊಸ ಭತ್ತದ ಕದಿರು ತಂದು ಮನೆಗೆ ಕಟ್ಟುವುದು ಎಲ್ಲರಿಗೂ ಇದೆ. ನಮಗೆ, ಅಂದರೆ ಕೊಂಕಣಿ ಕಥೋಲಿಕರಿಗೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ. ಅವರಿಗೆ ಅದೇ ಸುಮಾರಿಗೆ ಹೊಸತಿನ ಹಬ್ಬ. ಬೇಲಿಯ ಹತ್ತಿರ ನಿಂತು ಕೇಳಿದೆ. ಪಕ್ಕದ ಮನೆಯ ಅಕ್ಕ ನಕ್ಕರು. "ನಾವು ಕಟ್ಟಿದ್ದಲ್ಲ ಮಾರಾಯ್ರೆ. ನಾವು ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಎಲ್ಲ ಸೇರಿಸಿ ಕಟ್ಟುವುದಲ್ವಾ? ಇದು ಬರೀ ಕದಿರು. ನಿಮ್ಮ ಇಗರ್ಜಿಯದ್ದೇ."

ಇಗರ್ಜಿ ಅಂದರೆ ಚರ್ಚು. ನಮ್ಮದು ಉಡುಪಿ ಹತ್ತಿರದ ಕಲ್ಯಾಣಪುರದ ಮಿಲಾಗ್ರಿಸ್. ಆ ಸಲ ನಾನು ಹೋದದ್ದೂ ಅಲ್ಲಿಗೇ, ಬೇರೆ ಕೆಲಸದ ಮೇಲೆ. ಮಗನಿಗೆ ಬೆಂಗಳೂರಿನಲ್ಲಿ ಮದುವೆ ಗೊತ್ತಾಗಿತ್ತು. ಅದಕ್ಕೆ ಅವನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ ಬೇಕು. ಹಳೆಯದೊಂದು ಬೆಂಗಳೂರಿನ ಮನೆಯ ಕಪಾಟಿನಲ್ಲೇ ಇತ್ತು, ಲ್ಯಾಮಿನೇಷನ್ ಮಾಡಿಸಿ ಇಟ್ಟದ್ದು. ಅದು ನಡೆಯುವುದಿಲ್ಲ ಅಂದರು. ಆರು ತಿಂಗಳ ಒಳಗೆ ಬರೆಸಿಕೊಂಡದ್ದೇ ಆಗಬೇಕಂತೆ. ಹುಟ್ಟಿದ ತಾರೀಕು ಆರು ತಿಂಗಳಲ್ಲಿ ಬದಲಾಗುತ್ತದಾ ಅಂತ ನಾನು ಸ್ವಲ್ಪ ಜೋರಾಗಿಯೇ ಕೇಳಿದ್ದೆ. ಉತ್ತರ ಸಿಕ್ಕಿದ್ದು ಕಲ್ಯಾಣಪುರದ ಆಫೀಸಿನಲ್ಲಿ.

ದೊಡ್ಡ ಪುಸ್ತಕ

ಆಫೀಸಿನಲ್ಲಿ ಮೇಜಿನ ಆಚೆ ಕೂತಿದ್ದ ಹುಡುಗಿ ಕೇಳಿದ ಮೊದಲ ಪ್ರಶ್ನೆ ಹೆಸರಲ್ಲ. "ನಿಮ್ಮದು ಯಾವ ವಾಳೆ?"

ಘಟ್ಟದ ಮೇಲಿನ ಓದುಗರಿಗೆ ಇದೊಂದನ್ನು ಹೇಳಬೇಕು. ಒಂದು ಇಗರ್ಜಿಯ ಸರಹದ್ದನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಒಂದೊಂದರಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಮನೆ. ಅದೇ ವಾಳೆ. ಅದಕ್ಕೊಬ್ಬ ಗುರಿಕಾರ, ಅಂದರೆ ಮುಖಂಡ. ಇಗರ್ಜಿ, ಪಾದ್ರಿ, ಫೆಸ್ತ್, ತೆರ್ಸ್ ಎಲ್ಲ ಪೋರ್ಚುಗೀಸರಿಂದ ಬಂದ ಮಾತುಗಳು. ಗುರಿಕಾರ ಮಾತ್ರ ಇಲ್ಲಿಯದೇ. ತುಳುನಾಡಿನಲ್ಲಿ ಎಷ್ಟೋ ಜಾತಿ, ಕೂಟಗಳಿಗೆ ಗುರಿಕಾರರು ಇದ್ದಾರೆ. ದೇವರನ್ನು ಕರೆಯುವ ಮಾತು ಹಡಗಿನಲ್ಲಿ ಬಂದರೂ ಮನೆ ಮನೆಗೆ ಹೋಗಿ ಬಾಗಿಲು ತಟ್ಟುವವನನ್ನು ಕರೆಯಲು ಊರಿನ ಮಾತೇ ಬೇಕಾಯಿತು.

ನಾನು ಹಳೆಯ ಹೆಸರು ಹೇಳಿದೆ. ಆ ವಾಳೆಯನ್ನು ಎರಡು ಮಾಡಿ ಎಷ್ಟೋ ವರ್ಷ ಆಗಿತ್ತಂತೆ. ನದಿ ಕಡೆಯದೋ, ರಸ್ತೆ ಕಡೆಯದೋ? ನದಿ ಕಡೆಯದು ಅಂದೆ. ಅವಳು ಒಳಗೆ ಹೋಗಿ ದಪ್ಪ ರಟ್ಟಿನ ಪುಸ್ತಕ ತಂದಳು. ಮಗನದು ಎರಡೇ ನಿಮಿಷದಲ್ಲಿ ಸಿಕ್ಕಿತು. ನಮ್ಮಲ್ಲಿ ಮೊದಲ ಮಗುವಿನ ದೀಕ್ಷಾಸ್ನಾನ ತಾಯಿಯ ಊರಿನಲ್ಲಿ, ಎರಡನೆಯದು ತಂದೆಯ ಊರಿನಲ್ಲಿ. ಹಾಗಾಗಿ ಮಗಳ ಹೆಸರು ಹಾಸನದ ಕಡೆ ಇದೆ, ಮಗನದು ಇಲ್ಲಿ. ಮಗು, ತಂದೆ, ತಾಯಿ, ದೇವತಂದೆ, ದೇವತಾಯಿ, ಪೂಜೆ ಮಾಡಿದ ಗುರುಗಳ ಸಹಿ. ಕೊನೆಯಲ್ಲಿ ಒಂದು ಅಗಲವಾದ ಖಾಲಿ ಜಾಗ.

"ಇದಕ್ಕೇ ಹೊಸತು ಬೇಕು ಅನ್ನೋದು," ಎಂದು ಹುಡುಗಿ ಆ ಖಾಲಿ ಜಾಗದ ಮೇಲೆ ಪೆನ್ನಿನ ತುದಿ ಇಟ್ಟಳು. ಮನುಷ್ಯ ಎಲ್ಲಿಗೇ ಹೋಗಲಿ, ಯಾವ ದೇಶದ ಯಾವ ಚರ್ಚಿನಲ್ಲೇ ಮದುವೆಯಾಗಲಿ, ಅಲ್ಲಿಂದ ಒಂದು ಚೀಟಿ ದೀಕ್ಷಾಸ್ನಾನವಾದ ಇಗರ್ಜಿಗೆ ಬರಬೇಕು. ಇಲ್ಲಿ ಅಂಚಿನಲ್ಲಿ ಅದನ್ನು ಬರೆಯಬೇಕು. ದೃಢೀಕರಣ, ಮದುವೆ, ಗುರುದೀಕ್ಷೆ, ಕನ್ಯಾಮಠದ ವ್ರತ, ಎಲ್ಲ ಈ ಅಂಚಿಗೇ ಬರುತ್ತವೆ. ಚರ್ಚಿನ ಕಾನೂನೇ ಹಾಗೆ. ಅಂಚು ಖಾಲಿ ಇದ್ದರೆ ಮದುವೆಯಾಗಲು ಅಡ್ಡಿಯಿಲ್ಲ ಅಂತ ಅರ್ಥ. ಅದಕ್ಕೇ ಆರು ತಿಂಗಳ ಲೆಕ್ಕ. ನಾನು ಬೆಂಗಳೂರಿನಲ್ಲಿ ಯಾರ ಮೇಲೆ ಜೋರು ಮಾಡಿದ್ದೆನೋ ಅವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಐವತ್ತಮೂರು ವರ್ಷದಿಂದ ಕಥೋಲಿಕ ನಾನು. ಇದು ಗೊತ್ತಿರಲಿಲ್ಲ.

ಸುಮ್ನೆ ನೋಡಬಹುದಾ ಅಂತ ಕೇಳಿ ನನ್ನದನ್ನೂ ತೆಗೆಸಿದೆ. ಅಂಚಿನಲ್ಲಿ ನನ್ನ ಮದುವೆ ಇತ್ತು. ಹೆಂಡತಿಯ ಹೆಸರು, ಅವಳ ಊರಿನ ಚರ್ಚು, ತಾರೀಕು. ಅಪ್ಪನದು ಇನ್ನೊಂದು ಸಂಪುಟದಲ್ಲಿ. ಅಲ್ಲಿ ಹೆಸರೆಲ್ಲ ಲ್ಯಾಟಿನ್ ಅವತಾರದಲ್ಲಿವೆ. ಊರಿಗೆಲ್ಲ ಜುವಾಂವ್ ಆಗಿದ್ದವನು ಪುಸ್ತಕದಲ್ಲಿ ಜೊಹಾನ್ನೆಸ್. ಹುಡುಗಿಗೆ ಪುರುಸೊತ್ತಿತ್ತೋ, ನನ್ನ ಮುಖ ನೋಡಿ ಪಾಪ ಅನಿಸಿತೋ, ಅಪ್ಪನ ಅಣ್ಣನದನ್ನೂ ಹುಡುಕಿ ಕೊಟ್ಟಳು. ಆ ದೊಡ್ಡಪ್ಪನನ್ನು ನಾನು ನೋಡಿಲ್ಲ. ಹದಿನೆಂಟಕ್ಕೆ ಮುಂಬೈಗೆ ಹೋದವರು. ಹಡಗಿನಲ್ಲಿ ಕೆಲಸ ಸಿಕ್ಕಿದೆ ಅಂತ ಒಂದು ಕಾಗದ ಬಂತಂತೆ. ಆಮೇಲೆ ಇಲ್ಲ. ಅಜ್ಜಿ, ಅಂದರೆ ನಮ್ಮ ಮಾಂಯ್, ಸಾಯುವವರೆಗೂ ರಾತ್ರಿ ತೆರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ಅವರಿಗಾಗಿ ಒಂದು ಪ್ರಾರ್ಥನೆ ಜಾಸ್ತಿ ಹೇಳಿಸುತ್ತಿದ್ದರು. ಬದುಕಿದವರಿಗಾಗಿ ಹೇಳುವ ಪ್ರಾರ್ಥನೆಯೋ, ಸತ್ತವರಿಗಾಗಿ ಹೇಳುವುದೋ ಅಂತ ನಾವು ಮಕ್ಕಳು ಕೇಳಿದರೆ ತಲೆಗೆ ಮೊಟಕುತ್ತಿದ್ದರು. ಪುಸ್ತಕದಲ್ಲಿ ಅವರ ಹೆಸರಿನ ಎದುರು ಅಂಚು ಖಾಲಿ. ಆ ಖಾಲಿ ಜಾಗವನ್ನು ಎಷ್ಟು ಹೊತ್ತು ನೋಡಿದೆನೋ. ಎಲ್ಲಿಂದಲೂ ಚೀಟಿ ಬಂದಿಲ್ಲ. ಆದರೂ ಬಂದರೆ ಬರೆಯಲು ಜಾಗ ಇದೆ.

ಹೊಂಡದಲ್ಲಿ ನೀರು

ವಾಳೆ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಮಾಂಯ್ ತೀರಿಕೊಂಡಾಗ. 1986ರ ಜುಲೈ. ನನಗೆ ಹದಿನಾಲ್ಕು. ಸ್ವರ್ಣಾ ನದಿ ಗದ್ದೆಗೆ ಬಂದಿತ್ತು. ನಮ್ಮ ಅಂಗಳದ ಕೆಳಗಿನ ಮೆಟ್ಟಿಲು ನೀರಿನಲ್ಲಿತ್ತು. ಬೆಳಗಿನ ಜಾವ ಮಾಂಯ್ ಉಸಿರು ನಿಂತಿತು. ಅಂಥ ಹೊತ್ತಿನಲ್ಲಿ ಮೊದಲು ಹೋಗಬೇಕಾದ್ದು ಗುರಿಕಾರರ ಮನೆಗೆ. ಡಾಕ್ಟರ ಹತ್ತಿರ ಅಲ್ಲ, ಪಾದ್ರಿಗಳ ಹತ್ತಿರವೂ ಅಲ್ಲ. ಗುರಿಕಾರರು ಇಗರ್ಜಿಗೆ ಹೋಗಿ ಹೇಳಬೇಕು. ಆಗ ಗಂಟೆ. ಬಿಟ್ಟು ಬಿಟ್ಟು ಹೊಡೆಯುವ ಆ ಗಂಟೆ ಕೇಳಿದರೆ ಹೆಂಗಸರು ಒಲೆ ಮುಂದೆಯೇ ಶಿಲುಬೆಯ ಗುರುತು ಮಾಡಿ, ಯಾವ ವಾಳೆಯದು ಅಂತ ವಿಚಾರಿಸಲು ಹೊರಗೆ ಬರುತ್ತಿದ್ದರು.

ತೊಂದರೆ ಏನೆಂದರೆ ನಮಗೂ ಗುರಿಕಾರರಿಗೂ ಏಳು ವರ್ಷದಿಂದ ಮಾತಿರಲಿಲ್ಲ. ಎರಡು ಗದ್ದೆಗಳ ನಡುವಿನ ಕಟ್ಟಪುಣಿಯ ಜಗಳ. ಅದನ್ನು ಯಾರು ಎಷ್ಟು ಕಡಿದು ತಮ್ಮ ಕಡೆಗೆ ಸರಿಸಿಕೊಂಡರು ಅನ್ನುವುದು ಉಡುಪಿಯ ಕೋರ್ಟಿನಲ್ಲಿತ್ತು. ಭಾನುವಾರ ಪೂಜೆಯಲ್ಲಿ ಸಮಾಧಾನದ ಹೊತ್ತಿಗೆ ಎಲ್ಲರೂ ಪಕ್ಕದವರಿಗೆ ಕೈ ಮುಗಿದರೆ, ಅಪ್ಪ ಅವರು ಕೂತ ಸಾಲನ್ನು ಬಿಟ್ಟು ಮಿಕ್ಕ ಎಲ್ಲ ಕಡೆ ಕೈ ಮುಗಿಯುತ್ತಿದ್ದರು. ನಾವು ಮಕ್ಕಳೂ ಹಾಗೇ ಕಲಿತಿದ್ದೆವು.

ಅಪ್ಪ ಹೋಗಲಿಲ್ಲ. ನನ್ನನ್ನು ಕಳಿಸಿದರು. ಏನು ಹೇಳಬೇಕು ಅಂತಲೂ ಹೇಳಿಕೊಡಲಿಲ್ಲ. ಗೋಣಿಕೊಪ್ಪೆ ಹಾಕಿಕೊಂಡು ಮೊಣಕಾಲು ನೀರಿನಲ್ಲಿ ಅದೇ ಕಟ್ಟಪುಣಿಯ ಮೇಲೆ ನಡೆದುಕೊಂಡು ಹೋದೆ. ಅವರು ಜಗಲಿಯಲ್ಲಿ ಬೀಡಿ ಸೇದುತ್ತಾ ಮಳೆ ನೋಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಬೀಡಿ ಆರಿಸಿದರು. "ಮಾಂಯ್?" ಅಂದರು. ನಾನು ತಲೆಯಾಡಿಸಿದೆ. "ನೀನು ಮನೆಗೆ ಹೋಗು ಬಾಬಾ. ಅಮ್ಮನಿಗೆ ಹೇಳು, ಅನ್ನ ಮಾಡುವುದು ಬೇಡ, ನಮ್ಮ ಮನೆಯಿಂದ ಗಂಜಿ ಬರ್ತದೆ ಅಂತ." ಅಷ್ಟೇ ಮಾತು.

ಗಂಟೆ ಆಯಿತು. ಶಿಲುಬೆ ಬಂತು, ಮೇಣದ ಕಂಬಗಳು ಬಂದವು, ಪೆಟ್ಟಿಗೆ ಬಂತು. ವಾಳೆಯ ಗಂಡಸರು ಪಾಳಿಯ ಮೇಲೆ ಹೆಗಲು ಕೊಟ್ಟರು. ಎಲ್ಲ ಗುರಿಕಾರರ ಏರ್ಪಾಡು. ಸಿಮಿತ್ರಿಗೆ ಬಂದರೆ, ತೋಡಿದ ಹೊಂಡದಲ್ಲಿ ಸೊಂಟದ ಮಟ್ಟ ನೀರು. ಮಳೆಗಾಲದಲ್ಲಿ ಇದು ಇದ್ದದ್ದೇ. ಆದರೆ ಅವತ್ತು ತೋಡುವ ಆಳು ಒಬ್ಬನೇ ಬಂದಿದ್ದ, ಅವನಿಗೂ ಜ್ವರ. ಪಾದ್ರ್ಯಾಬ್ ಕೊಡೆಯ ಕೆಳಗೆ ಪುಸ್ತಕ ಹಿಡಿದು ನಿಂತಿದ್ದರು. ಗುರಿಕಾರರು ಬಿಳಿ ಅಂಗಿ ಬಿಚ್ಚಿ ಯಾರದೋ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿ ಹೊಂಡಕ್ಕೆ ಇಳಿದರು. ಕೊಡಪಾನದಲ್ಲಿ ನೀರು ಮೊಗೆದು ಮೇಲೆ ಕೊಡುವುದು, ಮೇಲಿದ್ದವರು ಚೆಲ್ಲುವುದು. ಹತ್ತು ನಿಮಿಷವೋ ಇಪ್ಪತ್ತೋ. ಅಪ್ಪ ನೋಡುತ್ತ ನಿಂತಿದ್ದರು. ಆಮೇಲೆ ಒಂದೆರಡು ಹೆಜ್ಜೆ ಮುಂದೆ ಹೋಗಿ ತಮ್ಮ ಕೊಡೆಯನ್ನು ಹೊಂಡದ ಮೇಲೆ ಹಿಡಿದರು. ಸೊಂಟದವರೆಗೆ ನೀರಿನಲ್ಲಿ ನಿಂತವನಿಗೆ ಕೊಡೆ ಹಿಡಿದು ಏನು ಪ್ರಯೋಜನ! ಆದರೂ ಹಿಡಿದರು. ಅವರೂ ಬೇಡ ಅನ್ನಲಿಲ್ಲ.

ಇಲ್ಲಿಗೆ ರಾಜಿಯಾಯಿತು ಅಂತ ಬರೆದರೆ ಕಥೆ ಚಂದ ಇರುತ್ತಿತ್ತು. ಕೇಸು ಇನ್ನೂ ಎರಡು ವರ್ಷ ನಡೆಯಿತು. ನಾವು ಸೋತೆವು. ಅಪ್ಪ ಅವರ ಜೊತೆ ಮಾತನಾಡಿದ್ದು ನನಗೆ ನೆನಪೇ ಇಲ್ಲ. ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ಒಂದು ದಿನ ಬಸ್ ಸ್ಟಾಪಿನಲ್ಲಿ ಅವರೇ ಸಿಕ್ಕರು. ಧೈರ್ಯ ಮಾಡಿ ಕೇಳಿದೆ, ಅವತ್ತು ಯಾಕೆ ಇಳಿದಿರಿ ಅಂತ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಅನಿಸುತ್ತದೆ. "ಕೇಸು ಗದ್ದೆಯದ್ದು. ಹೊಂಡ ವಾಳೆಯದ್ದಲ್ವಾ?" ಅಂದು ಬಸ್ ಹತ್ತಿದರು.

ಅಕ್ಕಿಯ ಕಥೆ, ಗಡಿಯ ಕಥೆ

ಕಲ್ಯಾಣಪುರದಲ್ಲಿ ಇಗರ್ಜಿ ಯಾಕೆ ಬಂತು ಅಂತ ಕೇಳಿದರೆ ಉತ್ತರ ಕೊನೆಗೆ ಅಕ್ಕಿಗೆ ಹೋಗಿ ನಿಲ್ಲುತ್ತದೆ. ಗೋವಾದ ಪೋರ್ಚುಗೀಸರಿಗೆ ಕರಾವಳಿಯ ಅಕ್ಕಿ ಬೇಕಿತ್ತು. ಕೆಳದಿಯ ಅರಸರಿಗೆ ಗದ್ದೆ ಮಾಡುವ ಜನ ಬೇಕಿತ್ತು. ಇನ್‌ಕ್ವಿಸಿಷನ್ (ಮತದ ದಾರಿ ತಪ್ಪಿದವರನ್ನು ಶಿಕ್ಷಿಸುವ ಚರ್ಚಿನ ನ್ಯಾಯಾಲಯ) ಕೊಟ್ಟ ಕಾಟ, ತೆರಿಗೆ, ಬರ, ಮರಾಠರ ದಾಳಿ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಕಾರಣದಿಂದ ಗೋವಾ ಬಿಟ್ಟು ತೆಂಕಕ್ಕೆ ಬಂದ ಕೊಂಕಣಿ ಕ್ರೈಸ್ತರಿಗೆ ಗದ್ದೆ ಮಾಡುವುದು ಗೊತ್ತಿತ್ತು. 1678ರಲ್ಲಿ ಕೆಳದಿಯವರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅದರಲ್ಲಿ ಒಪ್ಪಿಗೆ ಸಿಕ್ಕಿತು. ಕಲ್ಯಾಣಪುರವೂ ಅವುಗಳಲ್ಲಿ ಒಂದು. ಮಿಲಾಗ್ರಿಸ್ ತನ್ನ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳುವುದೂ ಅದನ್ನೇ. ಹಾಗೆ ನೋಡಿದರೆ ನಮ್ಮ ಮನೆಯ ಚಿಲಕದಲ್ಲಿದ್ದ ಕದಿರು ನಮ್ಮ ಇಗರ್ಜಿಯ ಎಲ್ಲಕ್ಕಿಂತ ಹಳೆಯ ದಾಖಲೆ.

ಮಧ್ಯದಲ್ಲಿ ಹದಿನೈದು ವರ್ಷ ಏನೂ ಇಲ್ಲ. 1784ರ ಫೆಬ್ರವರಿ, ವಿಭೂತಿ ಬುಧವಾರದ ಹೊತ್ತು. ಟಿಪ್ಪು ಸುಲ್ತಾನರ ಅಪ್ಪಣೆಯ ಮೇಲೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಇಗರ್ಜಿಗಳನ್ನು ಕೆಡವಿದರು. ಎಷ್ಟು ಜನ ಹೋದರು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಉಳಿದು ವಾಪಸು ಬಂದವರು 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬಂದರು. ಮೊಂತಿ ಫೆಸ್ತನ್ನು ಶುರು ಮಾಡಿದವರು ಅಂತ ನಾವು ಹೇಳುವ ಫರಂಗಿಪೇಟೆಯ ಫಾದರ್ ಜೊವಾಕಿಂ ಮಿರಾಂಡಾ ಹೈದರಾಲಿಯ ಗೆಳೆಯರಾಗಿದ್ದರು ಅನ್ನುವ ಮಾತೂ ಅದೇ ಬಾಯಲ್ಲಿ ಬರುತ್ತದೆ. ಈಗೀಗ ಈ ಕಥೆಯನ್ನು ನಮಗಿಂತ ಜಾಸ್ತಿ ಬೇರೆಯವರು ಹೇಳುತ್ತಾರೆ, ಅದೂ ಚುನಾವಣೆಯ ಹೊತ್ತಿಗೆ. ನಮ್ಮ ಮಾಂಯ್ ಹೇಳುತ್ತಿದ್ದದ್ದು ಒಂದೇ ಸಾಲು. "ಪಟ್ಟಣಕ್ಕೆ ಹೋದವರಲ್ಲಿ ನಮ್ಮವರು ಎಷ್ಟು ಅಂತ ನಮಗೇ ಗೊತ್ತಿಲ್ಲ ಬಾಬಾ, ಪುಸ್ತಕ ಇಲ್ಲವಲ್ಲ."

ಆಮೇಲಿನ ಜಗಳ ಹೊರಗಿನವರದ್ದಲ್ಲ, ನಮ್ಮದೇ. ಅದೂ ಒಂದು ಬಗೆಯ ಕಟ್ಟಪುಣಿಯ ಜಗಳ. ನಾವು ಗೋವಾದ ಆರ್ಚ್‌ಬಿಷಪರ ಕೆಳಗೋ, ರೋಮ್ ನೇರವಾಗಿ ನೇಮಿಸಿದವರ ಕೆಳಗೋ? ಪೋರ್ಚುಗಲ್ ರಾಜನಿಗೆ ಇಗರ್ಜಿಗಳ ಮೇಲೆ ಇದ್ದ ಹಕ್ಕಿಗೆ ಪಾದ್ರೊವಾದೊ ಅನ್ನುತ್ತಿದ್ದರು. ರೋಮಿನ ಕಡೆಯದು ಪ್ರೊಪಗಾಂಡಾ. ಹತ್ತೊಂಬತ್ತನೇ ಶತಮಾನದ ಬಹುಪಾಲು ನಮ್ಮ ಕರಾವಳಿಯಲ್ಲಿ ಎರಡೂ ನಡೆದವು. ಒಂದೇ ಊರಿನಲ್ಲಿ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಬಿಷಪರ ಕೆಳಗೆ. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಮಂಗಳೂರಿಗೆ ಅದರದ್ದೇ ಧರ್ಮಪ್ರಾಂತ್ಯ ಆಯಿತು, ಕಲ್ಯಾಣಪುರದ ಕಡೆ ಅದಕ್ಕೆ ಸೇರಿತು. ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಗೋವಾದಿಂದ ಬೇರೆಯಾಗಿ, 1889ರಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದ ಆಲ್ವಾರಿಸ್ ಅವರ ಹಿಂದೆ ಬ್ರಹ್ಮಾವರದವರು ಹೋದರು. ಇವತ್ತಿಗೂ ಬ್ರಹ್ಮಾವರದಲ್ಲಿ ಅವರ ದೊಡ್ಡ ದೇವಾಲಯ ಇದೆ. ಮನೆಮಾತು ಕೊಂಕಣಿ, ನಮ್ಮದೇ ಅಡ್ಡಹೆಸರುಗಳು, ನಮ್ಮದೇ ಸಣ್ಣಾ ಮತ್ತು ಹಂದಿ ಪದಾರ್ಥ. ಪೂಜೆಯ ಕ್ರಮ ಮಾತ್ರ ಸಿರಿಯಾದಿಂದ ಕೇರಳಕ್ಕೆ ಬಂದು, ಅಲ್ಲಿಂದ ಇಲ್ಲಿಗೆ ಬಂದದ್ದು. ಅವರ ಪಾದ್ರಿಗಳಿಗೆ ಹೆಂಡತಿ ಮಕ್ಕಳು ಇರಬಹುದು. ಮಾಂಯ್‌ಯ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಕಲ್ಯಾಣಪುರದಿಂದ ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಕೂತರೆ ಇಳಿಯುವುದೇ. ಅಕ್ಕತಂಗಿಯರು ಎಷ್ಟೋ ವರ್ಷ ಸಂತೆಯಲ್ಲಿ ಮಾತ್ರ ಭೇಟಿಯಾಗುತ್ತಿದ್ದರಂತೆ, ಒಣಮೀನಿನ ಅಂಗಡಿಯ ಹಿಂದೆ.

2012ರಲ್ಲಿ ಉಡುಪಿಗೆ ಬೇರೆ ಧರ್ಮಪ್ರಾಂತ್ಯ ಆದಾಗ ಮಿಲಾಗ್ರಿಸ್ ಕೆಥೆಡ್ರಲ್, ಅಂದರೆ ಬಿಷಪರ ಪೀಠ ಇರುವ ಚರ್ಚು, ಆಯಿತು. ಊರಿಗೆಲ್ಲ ಹೆಮ್ಮೆ. ನನಗೂ. ಆದರೆ ಊರಿನ ಹೆಂಗಸರು ಈಗಲೂ ಇಗರ್ಜಿ ಅಂತಲೇ ಹೇಳುತ್ತಾರೆ.

ಒಂದು ಮಾತು ಹೇಳದೆ ಬಿಟ್ಟರೆ ಸರಿಯಲ್ಲ. ವಾಳೆಯನ್ನು ಹೀಗೆ ಹೊಗಳುವಾಗ, ಅದರೊಳಗೆ ಬಾಮಣ್, ಚಾರಡಿ, ಸುದಿರ್ ಅನ್ನುವ ಲೆಕ್ಕವೂ ನಡೆಯುತ್ತಿತ್ತು ಅನ್ನುವುದನ್ನು ಮುಚ್ಚಿಡಬಾರದು. ಗೋವಾದಿಂದ ದೇವರನ್ನು ಹೊತ್ತು ತಂದವರು ಜಾತಿಯನ್ನೂ ಹೊತ್ತು ತಂದರು. ದೀಕ್ಷಾಸ್ನಾನದ ಪುಸ್ತಕದಲ್ಲಿ ಜಾತಿಯ ಕಾಲಂ ಇಲ್ಲ. ಇರಬೇಕಾಗಿಯೂ ಇರಲಿಲ್ಲ. ಮದುವೆ ಮಾತಿಗೆ ಬಂದ ದಲ್ಲಾಳಿಗೆ ಮನೆ ಇರುವ ಜಾಗ ಹೇಳಿದರೆ ಸಾಕಿತ್ತು. ಸತ್ತಾಗ ಹೊಂಡಕ್ಕೆ ಇಳಿಯುತ್ತಿದ್ದವರೇ ಬದುಕಿದ್ದಾಗ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ಎರಡೂ ಒಂದೇ ವಾಳೆಯ ಒಳಗೆ.

ನೀರಿನಲ್ಲಿ ನಿಂತದ್ದು

ನನ್ನ ಹೆಂಡತಿಯ ಕಡೆಯವರು ಶೆಟ್ಟಿಹಳ್ಳಿಯವರು. ಕನ್ನಡ ಮಾತಾಡುವ ಕಥೋಲಿಕರು. ಅವರಿಗೆ ಇಗರ್ಜಿ ಅಲ್ಲ, ದೇವಾಲಯ. ಪಾದ್ರ್ಯಾಬ್ ಅಲ್ಲ, ಸ್ವಾಮಿಗಳು. ಮದುವೆಯಾದ ಹೊಸತರಲ್ಲಿ ನಾನು ಅತ್ತೆಯ ಎದುರು ಇಗರ್ಜಿ ಅಂದರೆ ಅವರು ಮುಖ ನೋಡುತ್ತಿದ್ದರು. ಹಾಸನದ ಹತ್ತಿರದ ಆ ಊರನ್ನು ಫೋಟೋದಲ್ಲಿ ನೀವೆಲ್ಲ ನೋಡಿದ್ದೀರಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ದೊಡ್ಡ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದು ಹೋಯಿತು. ಈಗ ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಜೋಡಿಗಳು ಬರುತ್ತವೆ.

ನಾನೂ ಒಂದು ಸಲ ಕ್ಯಾಮೆರಾ ಹಿಡಿದು ಹೋಗಿದ್ದೆ, ಅತ್ತೆಯನ್ನು ಕರೆದುಕೊಂಡು. ಏಪ್ರಿಲ್ ಇರಬೇಕು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಮುರಿದ ಕಮಾನಿನಿಂದ ಬೆಳಕು ಬೀಳುವುದನ್ನು ನಾನು ತೆಗೆಯುತ್ತಿದ್ದೆ. ಅತ್ತೆ ಚರ್ಚಿನ ಕಡೆ ನೋಡಲೇ ಇಲ್ಲ. ಅದಕ್ಕೆ ಬೆನ್ನು ಹಾಕಿ ಖಾಲಿ ಬಯಲಿನಲ್ಲಿ ಹೆಜ್ಜೆ ಎಣಿಸುತ್ತಾ ಹೋದರು. "ಇಲ್ಲಿ ಬಾವಿ. ಇಲ್ಲಿ ಚಿಕ್ಕಪ್ಪನ ಕೊಟ್ಟಿಗೆ. ಇಲ್ಲಿಂದ ಆ ಕಡೆ ನಮ್ಮ ಓಣಿ." ನನಗೆ ಕಂಡದ್ದು ಬರೀ ಮಣ್ಣು, ಬಸವನಹುಳುವಿನ ಚಿಪ್ಪು. ಅವರು ಹೇಳಿದ್ದು ಇನ್ನೂ ನೆನಪಿದೆ. ಊರು ಬಿಡುವಾಗ ದೇವಾಲಯದ ಪ್ರತಿಮೆ, ಪೂಜೆಯ ಸಾಮಾನು, ಪುಸ್ತಕ ಎಲ್ಲ ತೆಗೆದುಕೊಂಡು ಹೋದರಂತೆ. ಹೊಸ ಜಾಗದಲ್ಲಿ ಸೈಟು ಹಂಚಿದಾಗ ಮಾತ್ರ ಹಳೆಯ ಓಣಿಯವರು ಒಟ್ಟಿಗೆ ಬರಲಿಲ್ಲ. "ಗೋಡೆ ನೀರಲ್ಲಿದ್ರೂ ಇದೆಯಲ್ಲಪ್ಪ. ಓಣಿ ಎಲ್ಲಿದೆ ಹೇಳು?" ಅಂದರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿದೆ. ಒಳ್ಳೆಯವನಾಗಿ ಅಲ್ಲ, ಬ್ಯಾಟರಿ ಮುಗಿದಿತ್ತು. ಆದರೆ ಆಮೇಲೆ ಆ ಫೋಟೋಗಳನ್ನು ಎಲ್ಲೂ ಹಾಕಲು ಮನಸ್ಸಾಗಲಿಲ್ಲ.

ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾವು ಹೋಗುವ ಚರ್ಚು ದೊಡ್ಡದು. ಕನ್ನಡ, ತಮಿಳು, ಇಂಗ್ಲಿಷ್ ಪೂಜೆ ಒಂದಾದ ಮೇಲೊಂದು. ತಿಂಗಳಿಗೊಮ್ಮೆ ಕೊಂಕಣಿ. ನಾವು ಯಾವುದಕ್ಕೆ ಹೋಗುತ್ತೇವೆ ಅನ್ನುವುದು ನಿಜ ಹೇಳಬೇಕೆಂದರೆ ಪಾರ್ಕಿಂಗ್ ನೋಡಿ ತೀರ್ಮಾನವಾಗುತ್ತದೆ. ದೂರು ಹೇಳುತ್ತಿಲ್ಲ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಅದು ಹಾಯಾಗಿಯೂ ಇದೆ. ನನ್ನ ಸಾಲಿನಲ್ಲಿ ಕೂರುವವರ ಹೆಸರು ನನಗೆ ಗೊತ್ತಿಲ್ಲ. ಅವರ ಜೊತೆ ಜಗಳ ಮಾಡುವಷ್ಟು ಪರಿಚಯವೂ ಇಲ್ಲ. ಮಗನ ಮದುವೆಗೆ ಮೂರು ಭಾನುವಾರ ಹೆಸರು ಓದಿದರು. ಈ ಮದುವೆಗೆ ಅಡ್ಡಿ ಗೊತ್ತಿದ್ದವರು ತಿಳಿಸಿ ಅಂತ. ಊರಿನಲ್ಲಾದರೆ ಆ ಹೊತ್ತಿಗೆ ಹೆಂಗಸರು ಪರಸ್ಪರ ಮೊಣಕೈಯಲ್ಲಿ ತಿವಿದುಕೊಳ್ಳುತ್ತಿದ್ದರು. ಇಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಬಾಕಿ

ಕದಿರಿನ ವಿಷಯ ಹೇಳಿ ಮುಗಿಸಲಿಲ್ಲ. ಆಫೀಸಿನಿಂದ ಹೊರಗೆ ಬರುವಾಗ ಹುಡುಗಿಯನ್ನೇ ಕೇಳಿದೆ. "ಗುರಿಕಾರರು ಇಟ್ಟಿರ್ತಾರೆ. ಅವರ ಮನೆ ಗೊತ್ತಲ್ವಾ ನಿಮಗೆ?" ಗೊತ್ತಿತ್ತು. ಅದೇ ಮನೆ, ಅದೇ ಕಟ್ಟಪುಣಿ. ಗದ್ದೆ ಮಾತ್ರ ಇಲ್ಲ, ಎರಡೂ ಕಡೆ ಹಡಿಲು ಬಿದ್ದು ಹುಲ್ಲು ಬೆಳೆದಿದೆ. ಯಾರಿಗಾಗಿ ಕೋರ್ಟಿಗೆ ಹೋದೆವೋ. ಮಾತ್ರ ಕಟ್ಟಪುಣಿಯ ಮೇಲೆ ನಡೆದು ನಡೆದು ದಾರಿ ಸವೆದಿತ್ತು.

ಈಗ ಗುರಿಕಾರರಾಗಿರುವುದು ಆ ಹಿರಿಯರ ಸೊಸೆ. ಬೆಳಿಗ್ಗೆ ಅಂಗನವಾಡಿ, ಸಂಜೆ ವಾಳೆಯ ಕೆಲಸ. ಗಂಡ ಕತಾರಿನಲ್ಲಿ. ಚಾ ಕೊಟ್ಟರು. ನಾನು ಕದಿರಿನ ಮಾತು ತೆಗೆದಾಗ ಅದರಲ್ಲಿ ಕೇಳುವಂಥದ್ದೇನಿದೆ ಅನ್ನುವ ಹಾಗೆ ನೋಡಿದರು, ಅವರ ಮಾವ ಬಸ್ ಸ್ಟಾಪಿನಲ್ಲಿ ನೋಡಿದ ಹಾಗೆಯೇ. ಮೊಂತಿ ಫೆಸ್ತಿಗೆ ಪೂಜೆಯಲ್ಲಿ ಆಶೀರ್ವಾದ ಮಾಡಿದ ಕದಿರನ್ನು ಮನೆಗೊಂದರಂತೆ ಕೊಡುತ್ತಾರೆ. ಬಾರದವರದ್ದನ್ನು ಗುರಿಕಾರರು ತರುತ್ತಾರೆ. ಮಲಗಿದಲ್ಲೇ ಇರುವ ಮುದುಕರು, ಕೆಲಸಕ್ಕೆ ಹೋದವರು. ಬೀಗ ಹಾಕಿದ ಮನೆಗಳೂ ಪಟ್ಟಿಯಲ್ಲಿವೆ. "ಪಟ್ಟಿಯಿಂದ ತೆಗೆಯಲು ನೀವು ಬರೆದು ಕೊಟ್ಟಿಲ್ವಲ್ಲ ಬಾಬ್. ಮತ್ತೆ ಅದನ್ನು ನಾನೆಲ್ಲಿ ಇಡಲಿ? ಚಿಲಕಕ್ಕೆ ಕಟ್ಟಿ ಬರ್ತೇನೆ. ಮೂರು ವರ್ಷದಿಂದ ಕಟ್ತಿದ್ದೇನೆ. ಹಳೆಯದನ್ನು ತೆಗೆದು ಹೊಸತು ಕಟ್ಟುವುದು."

ಮೂರು ವರ್ಷದಲ್ಲಿ ನಾನೋ ತಮ್ಮನೋ ಮೂರು ಸಲ ಆ ಬಾಗಿಲು ತೆಗೆದಿದ್ದೇವೆ. ಕಣ್ಣಿಗೆ ಬಿದ್ದದ್ದು ಈ ಸಲವೇ. ಅಮ್ಮ ಇದ್ದಾಗ ಕದಿರು ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ, ಒಳಗೆ ಅಲ್ತಾರಿಗೆ, ಅಂದರೆ ದೇವರ ಪೀಠಕ್ಕೆ, ಹೋಗುತ್ತಿತ್ತು. ಒಂದಿಷ್ಟು ಕಾಳು ಬಿಡಿಸಿ, ಉಗುರಿನಲ್ಲಿ ಸಿಪ್ಪೆ ತೆಗೆದು, ಜಜ್ಜಿ ತೆಂಗಿನ ಹಾಲಿಗೆ ಹಾಕುತ್ತಿದ್ದರು. ಮನೆಯ ದೊಡ್ಡವರಿಂದ ಹಿಡಿದು ಸಣ್ಣವರವರೆಗೆ ಒಂದೊಂದು ಚಮಚ. ಆಮೇಲೆ ಬಾಳೆ ಎಲೆ. ಅವತ್ತು ಮೀನಿಲ್ಲ, ಮಾಂಸ ಇಲ್ಲ. ಕೆಸು, ಹರಿವೆ, ಹೀರೆ, ಬೆಂಡೆ, ಹಾಗಲಕ್ಕೆ ಅಂಬಟೆ ಹಾಕಿದ ಪಲ್ಯ. ಪದಾರ್ಥ ಐದೋ ಏಳೋ ಒಂಬತ್ತೋ, ಬೆಸವೇ ಆಗಬೇಕು. ಎಂಟಾಗಿಬಿಟ್ಟರೆ ಅಮ್ಮ ಕೊನೆಗೆ ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಮದುವೆ ಜನವರಿಯಲ್ಲಿ ಚೆನ್ನಾಗಿ ಆಯಿತು. ಮಾರ್ಚಿನಲ್ಲಿ ಯಾಕೋ ಅನಿಸಿ ಊರಿನ ಆಫೀಸಿಗೆ ಫೋನ್ ಮಾಡಿದೆ. ಬೆಂಗಳೂರಿನಿಂದ ಚೀಟಿ ಬಂತಾ ಅಂತ. "ಬಂದಿದೆ, ಅಂಚಿನಲ್ಲಿ ಬರೆದಾಯ್ತು," ಅಂದಳು ಹುಡುಗಿ. ಸೊಸೆಯ ಹೆಸರಿನ ಅಕ್ಷರ ಸರಿ ಇದೆಯಾ ಅಂತ ಒಂದೊಂದಾಗಿ ಓದಿಸಿಕೊಂಡೆ. ಫೋನ್ ಇಡುವ ಮೊದಲು ಅವಳು ಹೇಳಿದಳು, "ನಿಮ್ಮ ವಾಳೆಯ ಗುರಿಕಾರರು ನಿಮ್ಮ ನಂಬರ್ ಕೇಳ್ತಿದ್ರು. ಕೊಡಬಹುದಾ?"

ರಾತ್ರಿಯೇ ಫೋನ್ ಬಂತು. ವಾಳೆಯ ಪೂಜೆ ಈ ಸಲ ಎಲ್ಲಿ ಇಡುವುದು ಅಂತ ಮಾತಾಯಿತಂತೆ. ನಮ್ಮ ಅಂಗಳ ದೊಡ್ಡದು, ಒಳ್ಳೆಯ ನೆರಳಿದೆ. ಕೊಡಬಹುದಾ? ಖಂಡಿತ ಕೊಡಬಹುದು, ಬೀಗದ ಕೈ ಪಕ್ಕದ ಮನೆಯಲ್ಲಿದೆ ಅಂದೆ.

"ಅಂಗಳಕ್ಕೆ ಬೀಗ ಇಲ್ವಲ್ಲ. ಕೈ ಬೇಡ," ಅಂದರು. "ಕುರ್ಚಿ ಇಗರ್ಜಿಯಿಂದ ತರ್ತೇವೆ. ಎಪ್ಪತ್ತು ಜನ ಆಗಬಹುದು. ಯಾರ ಮನೆಯಲ್ಲಿ ಪೂಜೆಯೋ ಚಾ, ತಿಂಡಿ ಅವರದ್ದು, ಅದು ನಿಮಗೆ ಗೊತ್ತಲ್ವಾ ಬಾಬ್. ಮತ್ತೆ ನಾಲ್ಕು ವರ್ಷದ ವಂತಿಗೆ ಬಾಕಿ ಇದೆ. ಅದನ್ನು ಬೇರೆ ಕಳಿಸಿ, ಇದರ ಜೊತೆ ಸೇರಿಸಬೇಡಿ. ಲೆಕ್ಕ ತಪ್ಪುತ್ತದೆ."